ಕೊನೆಗೊಂದು ಬಿಗಿ

ಆ ಮನೆಯ ಜಗಳ ಶುರುವಾದದ್ದು ಸಕ್ಕರೆ ಡಬ್ಬಿಯಿಂದ. ಗಾಜಿನ ಡಬ್ಬಿ, ತಗಡಿನ ತಿರುಪು ಮುಚ್ಚಳ. ಬೆಳಿಗ್ಗೆ ಏಳಕ್ಕೆ ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿ, ತುಟಿ ಕಚ್ಚಿ ತಿರುಗಿಸಿದಳು. ಮುಚ್ಚಳ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎದುರಿಗಿದ್ದ ಚಹಾ ಆರುತ್ತಿತ್ತು.

"ಬೇಕು ಅಂತಾನೇ ಮಾಡ್ತಾಳೆ," ಎಂದಳು ಅಜ್ಜಿ, ಗೋಡೆಗೆ ಹೇಳುವ ಹಾಗೆ.

ಗೋಡೆಯ ಆಚೆ ಸೊಸೆ ಪಾತ್ರೆ ತೊಳೆಯುತ್ತಿದ್ದಳು. "ಏನು ಮಾಡ್ತೀನತ್ತೆ?"

"ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಅಂದ್ರು. ಡಬ್ಬೀನೇ ತೆಗೆಯೋಕಾಗದ ಹಾಗೆ ಬಿಗೀರಿ ಅಂದ್ರಾ?"

"ನಾನ್ಯಾಕೆ ಬಿಗೀಲಿ? ನೀವೇ ಕದ್ದು ತಿಂದು, ಇರುವೆ ಬರಬಾರ್ದು ಅಂತ ಬಿಗಿದಿರ್ತೀರ."

"ನನ್ನ ಮನೆ ಸಕ್ಕರೆ ನಾನು ಕದೀತೀನಾ? ಕೇಳಿದೆಯೇನೋ, ನಿನ್ನ ಹೆಂಡತಿ ಮಾತು!" ಎಂದು ಅಜ್ಜಿ ಮಗನಿಗೆ ಕೇಳುವಂತೆ ಕೂಗಿದಳು.

ಸೊಸೆಗೆ ಅತ್ತೆ ಸಕ್ಕರೆ ತಿನ್ನುವುದು ಇಷ್ಟವಿರಲಿಲ್ಲ, ಅದು ನಿಜ. ಹಾಗಾಗಿ ಮಾಡದ ತಪ್ಪನ್ನು ಅಲ್ಲಗಳೆಯುವಾಗಲೂ ಅವಳ ದನಿಯಲ್ಲಿ ಗಟ್ಟಿತನವಿರಲಿಲ್ಲ. ಕೊನೆಗೆ ಎಂದಿನಂತೆ ಡಬ್ಬಿ ಮುಂದಿನ ಕೋಣೆಗೆ, ಅಜ್ಜಿಯ ಮಗನ ಹತ್ತಿರ ಹೋಯಿತು. ಅವನು ಎಣ್ಣೆ ಕೈಯಲ್ಲೇ ಹಿಡಿದು ಒಂದೇ ಏಟಿಗೆ ಮುಚ್ಚಳ ತಿರುಗಿಸಿಕೊಟ್ಟ.

"ಇಷ್ಟಕ್ಕೆ ಇಷ್ಟು ರಂಪಾನಾ?"

ಮುಂದಿನ ಕೋಣೆಯೇ ಅವನ ಅಂಗಡಿ. ಊರಿಗೆಲ್ಲ ಅವನು ಸ್ಕೂಟರ್ ಮೇಸ್ತ್ರಿ. ಹಳೆಯ ಸ್ಕೂಟರುಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುವವನಲ್ಲ. ಅದರಲ್ಲೂ ಅವನ ಹೆಸರು ನಿಂತದ್ದು ಒಂದೇ ಕೆಲಸದ ಮೇಲೆ: ಇಂಜಿನ್ನಿನ ಹೊರಕವಚವಾದ ಕೇಸಿನಲ್ಲಿ ಹಾಳಾದ ಥ್ರೆಡ್ಡನ್ನು ಮತ್ತೆ ಕೂರಿಸುವುದು. ಬೋಲ್ಟು ಉಕ್ಕಿನದು, ಕೇಸು ಮೆತ್ತನೆಯ ಅಲ್ಯೂಮಿನಿಯಮ್ಮು. ನಲವತ್ತು ವರ್ಷ ಯಾರು ಯಾರೋ ಬಿಗಿದು ಬಿಚ್ಚಿದ ಮೇಲೆ ತೂತಿನೊಳಗಿನ ಸುತ್ತುಗಳು ಉದುರಿ, ಬೋಲ್ಟು ಹಿಡಿತವಿಲ್ಲದೆ ಸುಮ್ಮನೆ ಸುತ್ತತೊಡಗುತ್ತದೆ. ಬೇರೆ ಮೆಕ್ಯಾನಿಕ್ಕುಗಳು ಕೇಸನ್ನೇ ಎಸೆದುಬಿಡಿ ಎನ್ನುತ್ತಾರೆ. ಎಸೆದರೆ ಇನ್ನೊಂದು ಎಲ್ಲಿಂದ ತರುವುದು? ಆ ಸ್ಕೂಟರುಗಳನ್ನು ಮಾಡುವುದು ನಿಂತು ಎಷ್ಟೋ ಕಾಲವಾಯಿತು. ಮೇಸ್ತ್ರಿ ಆ ತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿ, ಸೀಮೆಎಣ್ಣೆ ಬಿಡುತ್ತ ಹೊಸ ಥ್ರೆಡ್ ಕೊರೆದು, ಒಳಗೆ ಉಕ್ಕಿನ ತಂತಿಯ ಸುರುಳಿ ಕೂರಿಸಿ, ಹಳೆಯ ಬೋಲ್ಟು ಮತ್ತೆ ಅಲ್ಲೇ ಕಚ್ಚುವಂತೆ ಮಾಡುತ್ತಿದ್ದ.

ಈ ಕೆಲಸ ಅವನಿಂದ ಕಲಿತವಳು ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಸ್ಕೇಲು ಹಿಡಿದು ಮನೆಮಂದಿಯ ಮೂಗು, ಕಿವಿಯನ್ನೆಲ್ಲ ಅಳೆಯುತ್ತಿದ್ದಳೆಂದು ಅವಳಿಗೆ 'ಇಂಚು' ಎಂಬ ಹೆಸರು ಅಂಟಿಕೊಂಡಿತ್ತು. ಈಗ ಇಪ್ಪತ್ತೆಂಟು ವಯಸ್ಸು, ಬೆಂಚಿನ ಮುಂದೆ ಎಂಟು ವರ್ಷ. ಅಳತೆಯ ಚಟ ಹೋಗಿರಲಿಲ್ಲ. ಬಿಗಿ ಅಳೆಯುವ ಸ್ಪ್ಯಾನರೊಂದನ್ನು ತಂದಿಟ್ಟುಕೊಂಡಿದ್ದಳು. ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ಮೇಸ್ತ್ರಿಗೆ ಅದನ್ನು ಕಂಡರೆ ಉರಿಯುತ್ತಿತ್ತು.

"ಟಕ್ ಅನ್ನೋ ಆಟದ ಸಾಮಾನು. ಬಿಗಿ ಗೊತ್ತಾಗಬೇಕಾದ್ದು ಮಣಿಕಟ್ಟಿಗೆ, ಕಿವಿಗಲ್ಲ."

ಆದ್ದರಿಂದ ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಇಂಚು ಟಕ್ ಅನ್ನಿಸಿ ನಟ್ಟುಗಳನ್ನು ಬಿಗಿಯಬೇಕು. ಗಾಡಿ ಹೊರಗೆ ಹೋಗುವ ಮುಂಚೆ ಮೇಸ್ತ್ರಿ ತನ್ನ ಹಳೆಯ ಸ್ಪ್ಯಾನರಿನಿಂದ ಪ್ರತಿಯೊಂದಕ್ಕೂ 'ಕೊನೆಗೊಂದು ಬಿಗಿ' ಕೊಡಬೇಕು. ಅದಾದ ಮೇಲೆ ಇಂಚು ಬಿಳಿ ಬಣ್ಣದ ಪೆನ್ನಿನಿಂದ ನಟ್ಟಿನ ಮೇಲಿಂದ ಕೇಸಿನ ಮೇಲಕ್ಕೆ ಒಂದು ಗೆರೆ ಎಳೆಯಬೇಕು. ಮುಂದೆ ನಟ್ಟು ಅಲುಗಿದರೆ ಗೆರೆ ತುಂಡಾಗಿ ಕಾಣುತ್ತದೆ.

ಡಬ್ಬಿಯ ಜಗಳವಾದ ದಿನವೇ ಟೈಲರಮ್ಮ ತನ್ನ ನೀಲಿ ಸ್ಕೂಟರನ್ನು ತಳ್ಳಿಕೊಂಡು ಬಂದಳು. ಅವಳಿಗೆ ಅಂಗಡಿಯಿಲ್ಲ. ಮನೆಮನೆಗೆ ಹೋಗಿ ಅಳತೆ ತೆಗೆದುಕೊಂಡು, ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸುವವಳು. ಸ್ಕೂಟರು ಅವಳ ಅಪ್ಪನದು. ಅದು ನಿಂತರೆ ಅವಳ ಹೊಲಿಗೆಯೂ ನಿಲ್ಲುತ್ತದೆ.

"ಮೇಸ್ತ್ರೀ, ಇದು ಎರಡನೇ ಸಲ. ಮತ್ತೆ ಅಲ್ಲೇ ಬುಸ್ ಅಂತಿದೆ."

ಇಂಚು ನೋಡಿದಳು. ಸಿಲಿಂಡರನ್ನು ಹಿಡಿದಿಡುವ ನಾಲ್ಕು ಉದ್ದ, ತಲೆಯಿಲ್ಲದ ಬೋಲ್ಟಿನಂಥ ಸ್ಟಡ್ಡುಗಳಲ್ಲಿ ಒಂದು ಕೇಸಿನಿಂದ ಎದ್ದು ಬಂದಿತ್ತು. ಅವಳೇ ಕೂರಿಸಿದ್ದ ಸುರುಳಿ ಅಲ್ಯೂಮಿನಿಯಮ್ಮಿನ ಸಮೇತ ಕಿತ್ತು ಬಂದಿತ್ತು.

"ಅಲ್ಲ, ಹೇಗೆ? ನಾನು ಟಕ್ ಅಂದ ತಕ್ಷಣ ನಿಲ್ಲಿಸಿದ್ದೆ."

ಮೇಸ್ತ್ರಿ ಅವಳ ಕಡೆ ನೋಡಲಿಲ್ಲ, ಟೈಲರಮ್ಮನ ಕಡೆ ನೋಡಿದ. "ಹುಡುಗಿ ಕೈ ಸ್ವಲ್ಪ ಭಾರ ಕಣಮ್ಮ. ಈ ಸಲ ನಾನೇ ನಿಂತು ನೋಡ್ಕೋತೀನಿ."

ಇಂಚುವಿನ ಕಿವಿ ಬಿಸಿಯಾಯಿತು. ಗಿರಾಕಿಯ ಮುಂದೆ ಅಪ್ಪ ಹಾಗೆ ಹೇಳಿದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

"ಆರು ತಿಂಗಳಲ್ಲಿ ಐದು ಗಾಡಿ ವಾಪಸ್ ಬಂದಿವೆ ಅಪ್ಪಾ. ಐದಕ್ಕೂ ನನ್ನ ಕೈನೇ ಭಾರಾನಾ?"

"ಮತ್ತೆ ಯಾರದ್ದು? ಮೂವತ್ತೈದು ವರ್ಷ ಒಂದೂ ಬಂದಿರ್ಲಿಲ್ಲ."

"ಸಾಮಾನು ಕಳಪೆ ಇರಬಹುದು."

"ಸಾಮಾನು ಅಂತೀಯ, ಸ್ಪ್ಯಾನರ್ ಅಂತೀಯ. ಕೈ ಅಂತ ಮಾತ್ರ ಅನ್ನಲ್ಲ."

"ಊಟದ ಹೊತ್ತಲ್ಲಾದರೂ ನಟ್ಟು ಬೋಲ್ಟು ಬಿಡ್ರೀ," ಎಂದಳು ಹೆಂಡತಿ, ಬೇಳೆಯ ಪಾತ್ರೆಯನ್ನು ಕುಕ್ಕಿ. ಕುಕ್ಕಿದ್ದಕ್ಕೆ ಅಜ್ಜಿ ಮುಖ ಸಿಂಡರಿಸಿದಳು. ಅಲ್ಲಿಂದ ಮಾತು ಪಾತ್ರೆ ಕುಕ್ಕುವವರ ಕಡೆಗೆ ತಿರುಗಿತು.

ಕಿತ್ತುಹೋದ ತೂತಿಗೆ ಈ ಸಲ ಬುಡ ದಪ್ಪಗಿರುವ ಸ್ಟಡ್ಡು ಹಾಕಿದರು. ಅಪ್ಪ ಪಕ್ಕದಲ್ಲೇ ನಿಂತು ಮಗಳ ಪ್ರತಿ ಸುತ್ತನ್ನೂ ನೋಡಿದ. ಅವಳು ಎಂದಿಗಿಂತ ಹುಷಾರಾಗಿ, ಉಸಿರು ಬಿಗಿಹಿಡಿದು, ನಾಲ್ಕು ಸಲ ಟಕ್ ಅನ್ನಿಸಿದಳು. ಆಮೇಲೆ ಅವನು ಕೊನೆಗೊಂದು ಬಿಗಿ ಕೊಟ್ಟ. ಅವಳು ಗೆರೆ ಎಳೆದಳು.

ಮುಂದಿನ ವಾರ ಅಡುಗೆಮನೆಯ ನಲ್ಲಿ ಸೋರತೊಡಗಿತು. ಮೇಸ್ತ್ರಿ ವಾಷರ್ ಬದಲಾಯಿಸಿದ. ನಾಲ್ಕೇ ದಿನಕ್ಕೆ ಹೊಸ ವಾಷರ್ ಜಜ್ಜಿಹೋಗಿ ನೀರು ಇನ್ನೂ ಜೋರಾಗಿ ಸುರಿಯಿತು.

"ಇದನ್ನ ಯಾರು ಹೀಗೆ ತಿರುಚೋದು? ನಲ್ಲೀನಾ, ಶತ್ರು ಕುತ್ತಿಗೇನಾ?" ಎಂದು ಅವನೇ ಕೂಗಾಡಿದ.

"ನಾನಲ್ಲ," ಎಂದಳು ಹೆಂಡತಿ.

"ನಾನಂತೂ ಅಲ್ಲ," ಎಂದಳು ಅಜ್ಜಿ. "ನನ್ನ ಮಂಡಿ ಮುಲಾಮಿನ ಮುಚ್ಚಳ ತೆಗೆಯೋಕೇ ನನ್ನ ಕೈಲಾಗ್ತಿಲ್ಲ. ಅದನ್ನೂ ಬಿಗಿದಿದ್ದಾರೆ ಈ ಮನೇಲಿ. ಮುದುಕಿ ನರಳಲಿ ಅಂತ."

"ಮುಲಾಮಿಗೂ ನನ್ನ ಹೆಸರೇ ಹೇಳ್ತೀರಾ?" ಸೊಸೆಯ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಬಕೆಟ್ಟು ಬದಲಾಯಿಸಿ ಬದಲಾಯಿಸಿ ಅವಳ ಸೊಂಟ ಹಿಡಿದುಕೊಂಡಿತ್ತು. "ಇಪ್ಪತ್ತೊಂಬತ್ತು ವರ್ಷ ನಿಮ್ಮ ಬಾಯಿಗೆ ಬಿದ್ದು ಸಾಕಾಗಿದೆ ನನಗೆ."

ಆ ಜಗಳ ಇನ್ನೂ ಆರಿರಲಿಲ್ಲ, ನೀಲಿ ಸ್ಕೂಟರು ಮೂರನೇ ಸಲ ಬಂತು. ಟೈಲರಮ್ಮ ಈ ಸಲ ಕೂಗಾಡಲಿಲ್ಲ. ಹೆಗಲ ಮೇಲಿನ ಬಟ್ಟೆಯ ಗಂಟನ್ನು ಬೆಂಚಿನ ಮೇಲಿಟ್ಟು ಮುಖ ಒರೆಸಿಕೊಂಡಳು.

"ನಾಲ್ಕು ಮೈಲಿ ತಳ್ಳಿಕೊಂಡು ಬಂದೆ ಮೇಸ್ತ್ರೀ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಿ."

ದಪ್ಪ ಸ್ಟಡ್ಡೂ ಕಿತ್ತುಬಂದಿತ್ತು. ಮೇಸ್ತ್ರಿ ಟಾರ್ಚು ಹಿಡಿದು ತೂತಿನೊಳಗೆ ಬಹಳ ಹೊತ್ತು ನೋಡಿದ. ಒಂದು ಬದಿಗೆ ಇಂಜಿನ್ನಿನ ಗಾಳಿ ಹಾಯುವ ದಾರಿ, ಇನ್ನೊಂದು ಬದಿಗೆ ಹೊರಗೋಡೆ. ಇನ್ನೊಂದು ಸಲ ಕೊರೆದರೆ ನಡುವೆ ಉಗುರಿನಷ್ಟು ಲೋಹ ಉಳಿಯುತ್ತಿತ್ತು.

"ಇನ್ನೊಂದೇ ಸಲಕ್ಕಾಗುವಷ್ಟು ಜಾಗ ಇದೆ," ಎಂದ. "ಲೇತ್‌ನವನ ಹತ್ತಿರ ಬುಷ್ ಅಂತ ಸಣ್ಣ ಉಕ್ಕಿನ ಕೊಳವೆ ಮಾಡಿಸಿ ಕೂರಿಸ್ತೀನಿ. ಅದೂ ಹೋದ್ರೆ ಕೇಸು ಗುಜರಿಗೇ."

"ಬೆಸುಗೆ ಹಾಕೋಕಾಗಲ್ವಾ?"

"ಎಣ್ಣೆ ಕುಡಿದ ಹಳೇ ಅಲ್ಯೂಮಿನಿಯಮ್ಮು ಕಣಮ್ಮ. ಬೆಸುಗೆ ಹಾಕಿದ್ರೆ ಜರಡಿ ಆಗುತ್ತೆ."

ಟೈಲರಮ್ಮ ಹೋದ ಮೇಲೆ ಅವನು ಮಗಳ ಕಡೆ ತಿರುಗಿದ. "ಇನ್ನು ನೀನು ಬೆಂಚಿಗೆ ಬರಬೇಡ. ಹೊರಗಡೆ ಚಕ್ರ, ಬ್ರೇಕು ನೋಡ್ಕೋ, ಸಾಕು."

"ಅಪ್ಪಾ..."

"ಸಾಕು ಅಂದೆ. ನನ್ನ ಹೆಸರು ಹಾಳಾಗಿದ್ದು ಸಾಕು."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದು ಒಳಗೆ ಹೋದಳು. ಎಂಟು ವರ್ಷ ಕಲಿತ ಕೈ. ಅದೇ ಸುಳ್ಳಾಗಿದ್ದರೆ? ನಿಜಕ್ಕೂ ತನ್ನ ಕೈಯೇ ಭಾರವಾಗಿದ್ದರೆ? ಒಂದು ಲೋಟ ನೀರು ಕುಡಿಯುವಾಗಲೂ ಆಕೆ ತನ್ನ ಬೆರಳುಗಳನ್ನು ಅನುಮಾನದಿಂದ ನೋಡಿಕೊಂಡಳು.

"ಔಷಧಿ ಅಂಗಡೀಲಿ ಜನ ಬೇಕಂತೆ ಕಣೇ," ಎಂದಳು ಅಮ್ಮ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ. "ನೆರಳಲ್ಲಿ ಕೂತು ಮಾಡೋ ಕೆಲಸ. ಈ ಎಣ್ಣೆ ಜಿಡ್ಡು ಯಾಕೆ ಬೇಕು?"

"ನಾನು ಸರಿಯಾಗೇ ಬಿಗಿದಿದ್ದೆ ಅಮ್ಮಾ."

"ಇರಬಹುದು. ನಿಮ್ಮಪ್ಪ ನಂಬಬೇಕಲ್ಲ."

ಅಷ್ಟರಲ್ಲಿ ಅಜ್ಜಿ ಸಕ್ಕರೆ ಡಬ್ಬಿ ಹಿಡಿದುಕೊಂಡು ಬಂದು ನಿಂತಳು. ಇಂಚುವಿನ ತಲೆ ಚಿಟ್ಟು ಹಿಡಿಯಿತು. ಅಂಗಡಿಯಲ್ಲಿ ಕಳೆದುಕೊಂಡ ಮಾನ ಹಾಗಿರಲಿ, ಮನೆಯ ಈ ಒಂದು ರಗಳೆಯಾದರೂ ಮುಗಿಯಲಿ ಎನಿಸಿತು. ಸಂಜೆ ಪಾತ್ರೆಗಳನ್ನೆಲ್ಲ ಎತ್ತಿಟ್ಟ ಮೇಲೆ ಡಬ್ಬಿಯ ಮುಚ್ಚಳವನ್ನು ತಾನೇ ಹದವಾಗಿ ತಿರುಗಿಸಿ, ಮುಚ್ಚಳದಿಂದ ಗಾಜಿನ ಮೇಲಕ್ಕೆ ಬಿಳಿ ಪೆನ್ನಿನಿಂದ ಗೆರೆ ಎಳೆದಳು. ಅಮ್ಮನೋ ಅಜ್ಜಿಯೋ, ನಾಳೆ ಗೊತ್ತಾಗುತ್ತದೆ.

ಬೆಳಿಗ್ಗೆ ಆರೂವರೆಗೆ ಎದ್ದು ನೋಡಿದಾಗ ಗೆರೆ ತುಂಡಾಗಿತ್ತು. ಮುಚ್ಚಳದ ಮೇಲಿನ ಅರ್ಧ ಗೆರೆ ಬಿಗಿಯಾಗುವ ಕಡೆಗೆ ಎರಡು ಬೆರಳು ಮುಂದಕ್ಕೆ ಹೋಗಿ ನಿಂತಿತ್ತು. ಅಜ್ಜಿ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಅಮ್ಮ ಆಗಷ್ಟೇ ಹಾಸಿಗೆ ಮಡಿಸುತ್ತಿದ್ದಳು. ಒಲೆಯ ಪಕ್ಕದಲ್ಲಿ ತೊಳೆದು ಮಗುಚಿಟ್ಟ ಲೋಟ ಒಂದೇ. ದಿನಾ ಐದಕ್ಕೆ ಎದ್ದು ತನ್ನ ಚಹಾ ತಾನೇ ಮಾಡಿಕೊಳ್ಳುವವನು ಆ ಮನೆಯಲ್ಲಿ ಒಬ್ಬನೇ.

ಇಂಚು ಅಡುಗೆಮನೆಯ ಮಣೆಯ ಮೇಲೆ ಕೂತುಬಿಟ್ಟಳು. ಅಜ್ಜಿಯ ಮಂಡಿಗೆ ದಿನಾ ಬೆಳಿಗ್ಗೆ ಮುಲಾಮು ತಿಕ್ಕುವವನೂ ಅವನೇ. ಚಹಾ ಲೋಟ ತೊಳೆದು ನಲ್ಲಿ ನಿಲ್ಲಿಸುವವನೂ ಅವನೇ. ಗಾಡಿ ಹೊರಗೆ ಹೋಗುವ ಮುಂಚೆ ಕೊನೆಗೊಂದು ಬಿಗಿ ಕೊಡುವವನೂ. ತಾನು ಬಿಳಿ ಗೆರೆ ಎಳೆಯುತ್ತಿದ್ದದ್ದು ಅದಾದ ಮೇಲೆ, ಯಾವತ್ತೂ ಅದಕ್ಕೆ ಮುಂಚೆ ಅಲ್ಲ. ತನ್ನ ಕೈ ಸರಿಯಿದೆ ಎಂದು ಗೊತ್ತಾದಾಗ ಸಂತೋಷವಾಗಬೇಕಿತ್ತು. ಅವಳು ಡಬ್ಬಿಯನ್ನು ಮೊದಲಿದ್ದ ಜಾಗದಲ್ಲೇ ಸದ್ದಿಲ್ಲದೆ ಇಟ್ಟಳು.

ಅನುಮಾನ ಉಳಿಯಬಾರದೆಂದು ಮತ್ತೆರಡು ದಿನ ಗೆರೆ ಎಳೆದು ನೋಡಿದಳು. ಎರಡೂ ದಿನ ಗೆರೆ ತುಂಡಾಯಿತು. ಮೂರನೆಯ ದಿನ ತಿಂಡಿಯ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಡಬ್ಬಿಯನ್ನು ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

"ನೆನ್ನೆ ಸಂಜೆ ಮುಚ್ಚಿ ಗೆರೆ ಎಳೆದವಳು ನಾನು. ಆಮೇಲೆ ಇದನ್ನ ಮುಟ್ಟಿದ್ದು ನೀನೊಬ್ಬನೇ."

ಮೇಸ್ತ್ರಿ ಗೆರೆ ನೋಡಿದ. ಅವನಿಗೆ ಬಿಡಿಸಿ ಹೇಳಬೇಕಾದದ್ದೇನೂ ಇರಲಿಲ್ಲ. ಹೇಳಬೇಕಾಗಿಲ್ಲದ್ದಕ್ಕೇ ಕೋಪ ನೆತ್ತಿಗೇರಿತು.

"ಅಪ್ಪನ ಮೇಲೆ ಪತ್ತೇದಾರಿಕೆ ಮಾಡ್ತೀಯಾ? ಸಕ್ಕರೆ ಡಬ್ಬಿಗೂ ಇಂಜಿನ್ನಿಗೂ ಏನೇ ಸಂಬಂಧ?"

"ಕೈ ಒಂದೇ ಅಪ್ಪಾ."

"ನಲ್ಲಿ..." ಎಂದಳು ಹೆಂಡತಿ, ಮೆಲ್ಲಗೆ.

"ನನ್ನ ಮುಲಾಮು!" ಎಂದಳು ಅಜ್ಜಿ, ಜೋರಾಗಿ. "ಇಷ್ಟು ದಿನ ನೀನೇನೋ?"

ಮೇಸ್ತ್ರಿ ತಟ್ಟೆ ತಳ್ಳಿ ಎದ್ದ. "ಬಾರೇ. ಯಾರ ಕೈ ಎಂಥದ್ದು ಅಂತ ನೋಡೇಬಿಡೋಣ."

ಮುಂದಿನ ಕೋಣೆಯಲ್ಲಿ ಒಂದು ಒಡೆದ ಇಂಜಿನ್ ಕೇಸನ್ನು ಬೆಂಚಿನ ಮೇಲಿನ ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸಿ, ಥ್ರೆಡ್ ಚೆನ್ನಾಗಿದ್ದ ತೂತೊಂದಕ್ಕೆ ಬೋಲ್ಟು ಹಾಕಿದ. ಹೆಂಡತಿ, ಅಜ್ಜಿ ಬಾಗಿಲಲ್ಲಿ ನಿಂತರು. ಅವನು ಹಳೆಯ ಸ್ಪ್ಯಾನರ್ ಹಿಡಿದು, ಇಡೀ ಊರಿಗೆ ಪಾಠ ಹೇಳುವವನ ಹಾಗೆ ನಿಧಾನವಾಗಿ ತಿರುಗಿಸಿದ.

"ನೋಡು. ಇಲ್ಲಿ ಕಚ್ಚಿತು. ಇನ್ನೊಂದು ಚೂರು."

ಬೋಲ್ಟಿನ ತಲೆ ಒಂದು ಕ್ಷಣ ನಿಂತು, ಆಮೇಲೆ ಸಡಿಲವಾಗಿ ಸುತ್ತಿದ್ದು ಇಂಚುವಿಗೆ ಕಾಣಿಸಿತು. ಬಾಗಿಲಲ್ಲಿ ನಿಂತವರಿಗೂ ಕಾಣಿಸಿತು. ಅವನು ಮಾತ್ರ ಅರ್ಧ ಕಣ್ಣು ಮುಚ್ಚಿ ತಿರುಗಿಸುತ್ತಲೇ ಇದ್ದ.

"ಇನ್ನೊಂದು ಚೂರು... ಹಾಂ. ಈಗ ಕೂತಿತು. ಇದಕ್ಕೆ ಬಿಗಿ ಅನ್ನೋದು."

ಇಂಚು ಎರಡು ಬೆರಳಲ್ಲಿ ಬೋಲ್ಟಿನ ತಲೆ ಹಿಡಿದು ಮೇಲಕ್ಕೆತ್ತಿದಳು. ಅದು ಸಲೀಸಾಗಿ ಹೊರಗೆ ಬಂತು. ಅದರ ಸುತ್ತುಗಳಲ್ಲಿ ಅಲ್ಯೂಮಿನಿಯಮ್ಮಿನ ಬೆಳ್ಳನೆಯ ಎಳೆಗಳು ಸಿಕ್ಕಿಕೊಂಡಿದ್ದವು.

ಮೇಸ್ತ್ರಿ ಬೋಲ್ಟನ್ನು ಇಸಿದುಕೊಂಡು ಬೆಳಕಿಗೆ ಹಿಡಿದ.

"ಎಷ್ಟು ದಿನದಿಂದ ರೀ?" ಎಂದಳು ಹೆಂಡತಿ.

"ಮೂರು ಬೆರಳು ಮರಗಟ್ಟಿವೆ." ಅವನು ಬಲಗೈ ಹೆಬ್ಬೆರಳು ಮತ್ತು ಪಕ್ಕದ ಎರಡನ್ನು ತೋರಿಸಿದ. "ಒಂದು ವರ್ಷ ಆಗಿರ್ಬೇಕು. ಬಲ ಹೋಗುತ್ತೆ, ಸುದ್ದಿ ವಾಪಸ್ ಬರಲ್ಲ."

"ಒಂದು ವರ್ಷ! ಪಕ್ಕದಲ್ಲೇ ಕೂತು ಉಣ್ತೀರಿ, ಒಂದು ಮಾತು ಹೇಳೋಕಾಗಲಿಲ್ವಾ?"

"ಹೇಳಿ ಏನು ಮಾಡ್ಲಿ? ಬೇರೇನು ಗೊತ್ತು ನನಗೆ, ಈ ಕೈ ಬಿಟ್ರೆ?"

"ಹುಡುಗಿ ಮೇಲೆ ಹೊರಿಸೋಕೆ ಮುಂಚೆ ಹೇಳಬೇಕಿತ್ತು."

ಅವನು ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದ. ಮೂರನೆಯ ದಿನ ಹೆಂಡತಿ ಬೈದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಬಹಳ ತಡ ಮಾಡಿದ್ದೀರಿ, ಆಪರೇಷನ್ ಮಾಡಿದರೂ ಎಷ್ಟು ವಾಪಸ್ ಬರುತ್ತದೋ ಹೇಳಲಾಗದು ಎಂದರು ಅವರು. ಕೈಗೊಂದು ಪಟ್ಟಿ ಕಟ್ಟಿ ಕಳಿಸಿದರು. ಅಜ್ಜಿ ಆ ಪಟ್ಟಿಯನ್ನು ಸವರಿ, "ಚಿಕ್ಕವನಿದ್ದಾಗಲೂ ಹೀಗೇ, ಬಿದ್ದು ಬಂದ್ರೂ ಹೇಳ್ತಿರಲಿಲ್ಲ," ಎಂದು ಬೈದು ಮೂಗು ಒರೆಸಿಕೊಂಡಳು.

ನೀಲಿ ಸ್ಕೂಟರಿನ ಕೇಸು ಹಾಗೇ ಬೆಂಚಿನ ಮೇಲಿತ್ತು. ಲೇತ್‌ನವನು ಬುಷ್ ಮಾಡಿ ಕಳಿಸಿದ. ಇಂಚು ಯಾರನ್ನೂ ಕೇಳದೆ ಬೆಂಚಿನ ಮುಂದೆ ನಿಂತಳು. ಮೇಸ್ತ್ರಿ ಬೇಡವೆನ್ನಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಸ್ಟೂಲಿನ ಮೇಲೆ ಕೂತ.

"ನೆಟ್ಟಗಿದೆಯಾ? ಓರೆ ಆದ್ರೆ ಗೋಡೆ ಹೋಯ್ತು."

"ನೆಟ್ಟಗಿದೆ."

"ಸೀಮೆಎಣ್ಣೆ ಬಿಡು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರು ಮುರಿದು ಉದುರಬೇಕು."

"ಗೊತ್ತು."

"ಅವಸರ ಮಾಡ್ತಿದ್ದೀಯ."

"ಅಪ್ಪಾ, ಬಾಯಿ ಮುಚ್ಚಿಕೊಂಡು ಕೂತಿರು, ಇಲ್ಲ ಒಳಗೆ ಹೋಗು."

ಅವನು ಬಾಯಿ ಮುಚ್ಚಿದ. ಅವನ ಜನ್ಮದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲವೇನೋ. ಅವಳ ಕೈ ಮುಂದೆ ಹೋದಾಗ ಅವನ ಹೆಗಲೂ ಮುಂದೆ, ಹಿಂದೆ ಬಂದಾಗ ಹಿಂದೆ. ಒಂದು ಗಂಟೆಯ ಮೇಲೆ ಬುಷ್ ಕೂತಿತು, ಗೋಡೆ ಉಳಿಯಿತು. ಇಂಚು ಕಣ್ಣಿಗಿಳಿದ ಬೆವರನ್ನು ತೋಳಿನಿಂದ ಒರೆಸಿಕೊಂಡಳು.

ಮರುದಿನ ಇಂಜಿನ್ನು ಜೋಡಿಸಿ ನಾಲ್ಕು ನಟ್ಟುಗಳನ್ನು ಬಿಗಿದಳು. ಟಕ್, ಟಕ್, ಟಕ್, ಟಕ್. ಮೇಸ್ತ್ರಿ ಎದ್ದು ನಿಂತ. ಅವನ ಕೈ ತನಗೆ ತಾನೇ ಗೋಡೆಯ ಮೊಳೆಯಲ್ಲಿದ್ದ ಹಳೆಯ ಸ್ಪ್ಯಾನರಿನ ಕಡೆ ಹೋಯಿತು. ಅದನ್ನು ತೆಗೆದುಕೊಂಡು ಅವನು ತಿರುಗುವಷ್ಟರಲ್ಲಿ ಇಂಚು ನಾಲ್ಕಕ್ಕೂ ಬಿಳಿ ಗೆರೆ ಎಳೆದಿದ್ದಳು. ಅವನು ಆ ಹಸಿ ಗೆರೆಗಳನ್ನು ನೋಡುತ್ತ ನಿಂತ. ಆಮೇಲೆ ಸ್ಪ್ಯಾನರನ್ನು ಮೊಳೆಗೆ ತೂಗುಹಾಕಿ ಬಂದು ಕೂತ.

ಟೈಲರಮ್ಮ ಗಾಡಿ ತೆಗೆದುಕೊಳ್ಳಲು ಬಂದವಳು ಮೊದಲು ಕೇಳಿದ್ದೇ ಅದನ್ನು. "ಈ ಸಲ ನೀವೇ ಮಾಡಿದ್ದು ತಾನೆ ಮೇಸ್ತ್ರೀ? ಹುಡುಗಿ ಮುಟ್ಟಿಲ್ಲ ಅಲ್ವಾ?"

ಇಂಚು ಕೈ ಒರೆಸುವುದನ್ನು ನಿಲ್ಲಿಸಿದಳು. ಮೇಸ್ತ್ರಿ ನೆಲ ನೋಡಿದ, ಸ್ಕೂಟರ್ ನೋಡಿದ, ಕೈಯ ಪಟ್ಟಿಯ ದಾರ ಕೀಳುತ್ತ ನಿಂತ.

"ಪೂರ್ತಿ ಅವಳೇ ಮಾಡಿದ್ದು. ನಾನು ಮುಟ್ಟಿಲ್ಲ."

"ಹಾಗಾದ್ರೆ ಮತ್ತೆ ತಳ್ಳಿಕೊಂಡು ಬರೋದೇ ಅನ್ನಿ."

"ಬರಲ್ಲ," ಎಂದ ಅವನು, ದನಿ ಎತ್ತರಿಸಿ. "ಹಿಂದೆ ಕೆಟ್ಟಿದ್ದೆಲ್ಲ ನಾನು ಮುಟ್ಟಿದ್ದಕ್ಕೆ. ಕೈ ಭಾರ ಅಂದಿದ್ನಲ್ಲ, ಅದು ನನ್ನದು."

ಇಷ್ಟು ಹೇಳಿ, ಯಾರೋ ಬೈದ ಹಾಗೆ ಮುಖ ಗಂಟು ಹಾಕಿಕೊಂಡು ಒಳಗೆ ಹೋದ. ಮಗಳಿಗೆ ನೇರವಾಗಿ ಒಂದು ಮಾತೂ ಹೇಳಲಿಲ್ಲ. ಇಂಚುವಿಗೆ ಅಳು ಬಂತು. ಟೈಲರಮ್ಮನ ಮುಂದೆ ಬೇಡವೆಂದು ಬಗ್ಗಿ, ಅಗತ್ಯವಿಲ್ಲದಿದ್ದರೂ ಟೈರಿನ ಗಾಳಿ ನೋಡಿದಳು.

ಆರು ವಾರ ಕಳೆಯಿತು. ನೀಲಿ ಸ್ಕೂಟರು ವಾಪಸ್ ಬರಲಿಲ್ಲ. ಒಮ್ಮೆ ಟೈಲರಮ್ಮನೇ ದಾರಿಯಲ್ಲಿ ನಿಲ್ಲಿಸಿ ತೋರಿಸಿದಳು, ನಾಲ್ಕೂ ಗೆರೆ ಎಳೆದ ಹಾಗೇ ಇದ್ದವು. ಮನೆಯಲ್ಲಿ ಯಾರೂ ಔಷಧಿ ಅಂಗಡಿಯ ಮಾತೆತ್ತಲಿಲ್ಲ. ಹಾಗೆಂದು ಮೇಸ್ತ್ರಿಯ ಸಿಡುಕು ಕಡಿಮೆಯಾಗಲಿಲ್ಲ. ಟಕ್ ಎನ್ನುವ ಸದ್ದು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅಜ್ಜಿಯ ಕೂಗು ಕೇಳಿತು. "ಅಯ್ಯಯ್ಯೋ! ಸಕ್ಕರೆ ತುಂಬಾ ಇರುವೆ! ಯಾರು ಹೀಗೆ ಮುಚ್ಚಳ ಬಿಟ್ಟಿದ್ದು?"

ಇದು ತನ್ನ ತಲೆಗೇ ಬರುವುದೆಂದು ಸೊಸೆ ಜಗಳಕ್ಕೆ ಸಿದ್ಧವಾಗಿಯೇ ಬಂದಳು. ಬಂದವಳು ನೋಡಿದಳು. ಡಬ್ಬಿಯ ಬಾಯಿಯ ಮೇಲೆ ಮುಚ್ಚಳ ಸುಮ್ಮನೆ ಇಟ್ಟಿತ್ತು, ಒಂದು ಸುತ್ತೂ ತಿರುಗಿಸಿರಲಿಲ್ಲ. ಪಕ್ಕದಲ್ಲಿ ಚಹಾಪುಡಿಯ ಡಬ್ಬಿಯ ಮುಚ್ಚಳವೂ ಹಾಗೇ. ಕಿಟಕಿಯಲ್ಲಿದ್ದ ಮುಲಾಮಿನದೂ ಹಾಗೇ. ನಲ್ಲಿಯಿಂದ ನೀರು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಒಲೆಯ ಪಕ್ಕದಲ್ಲಿ ಮಗುಚಿಟ್ಟ ಲೋಟ ಒಂದೇ.

ಮುಂದಿನ ಕೋಣೆಯ ಬಾಗಿಲಲ್ಲಿ ಗಂಡ ನಿಂತಿದ್ದ. ಅವಳು ತಿರುಗಿ ನೋಡಿದ ಕೂಡಲೇ ಅವನು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಯಾರು ಅಂತ ಕೇಳ್ತಿದ್ದೀನಲ್ಲ, ಕಿವಿ ಕೇಳಿಸಲ್ವಾ?" ಎಂದಳು ಅಜ್ಜಿ.

"ನಾನೇ ಅತ್ತೆ," ಎಂದಳು ಸೊಸೆ. "ಮರೆತೆ."

"ಮರೆತಳಂತೆ! ಕಣ್ಣು ಎಲ್ಲಿಟ್ಟಿರ್ತೀಯ? ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಒಂದು ಡಬ್ಬಿ ಮುಚ್ಚೋಕೆ ಬರಲ್ವಾ?"

ಅಜ್ಜಿ ಚಹಾ ಮುಗಿಯುವವರೆಗೂ ಬೈದಳು. ಸೊಸೆ ಎದುರಾಡಲಿಲ್ಲ. ಸಕ್ಕರೆಯನ್ನು ತಟ್ಟೆಗೆ ಸುರಿದು, ನೆಲದ ಮೇಲೆ ಕೂತು, ಇರುವೆಗಳನ್ನು ಒಂದೊಂದಾಗಿ ಆರಿಸಿದಳು. ಆಮೇಲೆ ಸಕ್ಕರೆಯನ್ನು ಮತ್ತೆ ಡಬ್ಬಿಗೆ ತುಂಬಿ, ಮುಚ್ಚಳವನ್ನು ಎರಡೇ ಬೆರಳಲ್ಲಿ, ಅಜ್ಜಿಗೆ ತೆಗೆಯಲು ಬರುವಷ್ಟು ತಿರುಗಿಸಿ, ಅದರ ಜಾಗದಲ್ಲಿಟ್ಟಳು.